ಹಳೆಯ ವಸ್ತು, ಹಳೆಯ ಹಾಡು: ಇವುಗಳಿಂದ ಹಳ್ಳಿಗೆ ಏನು ಪ್ರಯೋಜನ?



ಬಿತ್ತನೆ, ಗೊಬ್ಬರ, ಹುಳುರೋಗ, ಹಿಪ್ಪುನೇರಳೆ, ಸಹಕಾರ ಸಂಘ ಮುಂತಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ಓದುವುದು ನಿಮಗೆ ರೂಢಿ. ಈ ಸಲದ ಪಾಠ ಕಲೆಯನ್ನೂ ವಸ್ತುಸಂಗ್ರಹಾಲಯವನ್ನೂ ಕುರಿತದ್ದು. "ಮ್ಯೂಸಿಯಂ ಎಂಬುದು ಪಟ್ಟಣದವರು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ, ಅದರಿಂದ ನಮಗೇನಾಗಬೇಕು?" ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಉತ್ತರವನ್ನು ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹುಡುಕುವುದಕ್ಕೆ ಮುಂಚೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿಯೇ ಹುಡುಕೋಣ.

ರಾಗಿಯನ್ನು ಹಗೇವಿಗೆ ತುಂಬುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಬಿತ್ತನೆಯ ಕಾಳನ್ನು ಅದರೊಡನೆ ಸೇರಿಸುತ್ತಿರಲಿಲ್ಲ. ಒಳ್ಳೆಯ ತೆನೆಗಳನ್ನು ಆರಿಸಿ, ಒಣಗಿಸಿ, ಬೂದಿಯನ್ನೋ ಬೇವಿನ ಸೊಪ್ಪನ್ನೋ ಬೆರೆಸಿ ಬೇರೆಯಾಗಿ ಇಡುತ್ತಿದ್ದರು. ಅದು ಯಾವ ತಳಿ, ಯಾವ ಹೊಲಕ್ಕೆ ಹೊಂದುತ್ತದೆ, ಯಾವ ಮಳೆಗೆ ಬಿತ್ತಬೇಕು ಎಂಬುದು ಮನೆಯ ಹೆಂಗಸರ ನೆನಪಿನಲ್ಲಿ ಇರುತ್ತಿತ್ತು. ಕಾಳು ಉಳಿದು ಈ ನೆನಪು ಹೋಯಿತೆಂದರೆ ಅದನ್ನು ಬೀಸಿ ಹಿಟ್ಟು ಮಾಡಬಹುದೇ ಹೊರತು ನಂಬಿ ಬಿತ್ತುವಂತಿಲ್ಲ. ಹಳೆಯ ವಸ್ತುಗಳ ವಿಷಯವೂ ಹೀಗೆಯೇ. ವಸ್ತುವನ್ನು ಇಡುವುದು ಅರ್ಧ ಕೆಲಸ. ಅದು ಯಾರದು, ಏತಕ್ಕಾಗಿ ಇತ್ತು, ಹೇಗೆ ಬಳಸುತ್ತಿದ್ದರು ಎಂಬ ಮಾತನ್ನು ಇಡುವುದು ಉಳಿದರ್ಧ. ಈ ಉಳಿದರ್ಧ ಇರುವುದು ನಿಮ್ಮ ಬಳಿ. ಯಾವ ಪಟ್ಟಣದ ಕಟ್ಟಡದಲ್ಲಿಯೂ ಅದು ಇಲ್ಲ.

ಹಾಡಿನಿಂದ ಕಲಿತದ್ದು

ಸಂಸ್ಕೃತಿ ಎಂದರೆ ದೊಡ್ಡ ಮಾತೇನೂ ಅಲ್ಲ. ಮನೆಗೆ ಬಂದವರನ್ನು ಹೇಗೆ ಮಾತನಾಡಿಸಬೇಕು, ಯಾರ ಜತೆ ಕುಳಿತು ಉಣ್ಣಬಹುದು, ಯಾವುದಕ್ಕೆ ನಾಚಬೇಕು, ಯಾವುದು ನ್ಯಾಯ, ಯಾವುದು ಅನ್ಯಾಯ ಎಂಬ ತಿಳಿವಳಿಕೆಯೇ ಅದು. ಈ ತಿಳಿವಳಿಕೆ ನಮ್ಮ ಹಿಂದಿನವರಿಗೆ ಬಂದದ್ದು ಶಾಲೆಯಿಂದಲ್ಲ. ರಾತ್ರಿಯೆಲ್ಲ ಕುಳಿತು ಕೇಳಿದ ಕಥೆಯಿಂದ, ಜಾತ್ರೆಯಲ್ಲಿ ಕಂಡ ಕುಣಿತದಿಂದ, ಗುಡಿಯ ಕಲ್ಲಿನ ಮೇಲಿನ ಚಿತ್ರದಿಂದ ಬಂದದ್ದು.

ಮಲೆ ಮಹದೇಶ್ವರನ ಕಥೆಯನ್ನೇ ನೋಡಿ. ದೇವರಗುಡ್ಡರು ಬೆಟ್ಟದಲ್ಲಿ ಗುರುವಿನಿಂದ ದೀಕ್ಷೆ ಪಡೆದು, ಕಂಸಾಳೆ ಹಿಡಿದು ಹಾಡುತ್ತಾರೆ. ಕಂಸಾಳೆ ಕಂಚಿನ ಜೋಡಿ ತಾಳ. ಒಂದು ಬಟ್ಟಲಿನ ಹಾಗೆ ಎಡಗೈಯೊಳಗೆ ಕೂರುತ್ತದೆ, ಇನ್ನೊಂದು ಚಪ್ಪಟೆಯಾಗಿ ದಾರ ಗೊಂಡೆಗಳೊಡನೆ ಬಲಗೈಯಲ್ಲಿ ಬೀಸುತ್ತದೆ. ಬೀಸು ಕಂಸಾಳೆಯಲ್ಲಿ ಆ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಕಾಲಡಿಯಲ್ಲಿ ತಿರುಗಿ ಬಂದು ಸರಿಯಾದ ಗಳಿಗೆಗೆ ಬಟ್ಟಲನ್ನು ಮುಟ್ಟಬೇಕು. ಒಂದು ಕೂದಲೆಳೆ ತಪ್ಪಿದರೆ ಪಕ್ಕದವನ ಹಣೆಗೆ ಏಟು. ಇದನ್ನು ಬರಿಯ ಭಿಕ್ಷೆಯ ಹಾಡೆಂದು ಕರೆಯುವವರು ಒಮ್ಮೆ ತಾವೇ ಬೀಸಿ ನೋಡಲಿ.

ಆ ಕಥೆಯ ಭಾಗಗಳಿಗೆ "ಸಾಲು" ಎನ್ನುತ್ತಾರೆ: ಶ್ರವಣನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಜುಂಜೇಗೌಡನ ಸಾಲು, ಹೀಗೆ. ನೇಗಿಲಿನ ಸಾಲಿಗೂ ಇದೇ ಮಾತು. ಹೊಲವನ್ನು ಸಾಲು ಸಾಲಾಗಿ ಉಳುವಂತೆ ಕಥೆಯನ್ನೂ ಉಳುತ್ತಾ ಹೋಗುವುದು ರೈತನಿಗೆ ತಾನಾಗಿಯೇ ಅರ್ಥವಾಗುತ್ತದೆ. ದೇವತೆಗಳನ್ನೇ ಸೆರೆಯಾಳುಗಳನ್ನಾಗಿ ದುಡಿಸಿಕೊಂಡ ಶ್ರವಣ ದೊರೆ ಹೇಗೆ ಅಳಿದ ಎಂಬುದನ್ನು ಜೀತದ ಮನೆಯಲ್ಲಿ ಹುಟ್ಟಿದ ಹುಡುಗ ಕೇಳಿದಾಗ ಅವನ ಮನಸ್ಸಿನಲ್ಲಿ ಏನು ಮೂಡಿರಬೇಕು? ಸಿರಿವಂತೆ ಕಾಳಮ್ಮ ಭಿಕ್ಷೆಗೆ ಬಂದವನಿಗೆ ಇಲ್ಲವೆಂದು ಕೆಟ್ಟದ್ದನ್ನು ಕೇಳಿದ ಮನೆಯೊಡತಿ ಮಾರನೆಯ ದಿನ ಬಾಗಿಲಿಗೆ ಬಂದವರನ್ನು ಹೇಗೆ ಕಂಡಾಳು? ಗಂಡನ ಸಂಶಯಕ್ಕೆ ಸಿಕ್ಕಿ ನೊಂದ ಸೋಲಿಗರ ಸಂಕಮ್ಮನ ಪರವಾಗಿ ಮಾದಪ್ಪ ನಿಂತದ್ದನ್ನು ಕೇಳುವ ಹೆಣ್ಣುಮಕ್ಕಳಿಗೆ ಅದು ಬರಿಯ ಕಥೆಯೇ? ಯಾವ ಉಪದೇಶವನ್ನೂ ಮಾಡದೆ ಹಾಡು ಈ ಕೆಲಸವನ್ನು ಮಾಡಿದೆ. ಇಂದಿಗೂ ದೀಪಾವಳಿಯಲ್ಲಿ ಬೆಟ್ಟದಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು ತಲೆಯ ಮೇಲೆ ಕೊಡ ಹೊತ್ತು ಹಾಲರವಿ ತರುತ್ತಾರೆ. ಮಾದಪ್ಪನ ಕಥೆ ಬೆಟ್ಟದಲ್ಲಿ ಹಾಡಾಗಿ ಮಾತ್ರ ಉಳಿದಿಲ್ಲ, ಹಬ್ಬವಾಗಿಯೂ ನಡೆಯುತ್ತಿದೆ.

ಮಂಟೇಸ್ವಾಮಿಯ ಪರಂಪರೆಯ ನೀಲಗಾರರದು ಇನ್ನೊಂದು ದಾರಿ. ತಂಬೂರಿ, ದಮ್ಮಡಿ, ಗಗ್ಗರ ಅವರ ವಾದ್ಯಗಳು. ಆಚಾರಿಗಳ ಮನೆಯ ಹುಡುಗ ಕೆಂಪಾಚಾರಿ ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ದಪ್ಪಾಜಿಯಾದದ್ದು, ಅವನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋದದ್ದು, ಅವರು ಒಡ್ಡಿದ ಕಠಿಣ ಪರೀಕ್ಷೆಗಳನ್ನೆಲ್ಲ ಗೆದ್ದದ್ದು ಆ ಕಾವ್ಯದ ಮುಖ್ಯ ಭಾಗ. ಈ ಸೀಮೆಯಲ್ಲಿ ಕುಲುಮೆಯ ಕೆಲಸ ಎಷ್ಟು ದೊಡ್ಡದಾಗಿತ್ತು, ಕುಳ, ಕುಡುಗೋಲುಗಳಿಗೆ ಬೇಕಾದ ಕಬ್ಬಿಣ ಯಾರ ಕೈಯಲ್ಲಿತ್ತು ಎಂಬುದರ ನೆನಪು ಈ ಹಾಡಿನಲ್ಲಿದೆ. ಜನವರಿಯ ಸುಮಾರಿಗೆ ಬನದ ಹುಣ್ಣಿಮೆಗೆ ನಡೆಯುವ ಚಿಕ್ಕಲ್ಲೂರು ಜಾತ್ರೆಯನ್ನು ನೋಡದವರು ನಮ್ಮಲ್ಲಿ ಕಡಮೆ. ಮೊದಲ ರಾತ್ರಿ ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ ಚಂದ್ರಮಂಡಲ ಹೊತ್ತಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ವಾಲುತ್ತದೋ ಆ ಸೀಮೆಗೆ ಮಳೆಬೆಳೆ ಚೆನ್ನಾಗಿ ಆಗುವುದೆಂದು ರೈತರ ನಂಬಿಕೆ. (ಬಿತ್ತನೆಯ ದಿನವನ್ನು ಗೊತ್ತು ಮಾಡುವಾಗ ಹವಾಮಾನ ಇಲಾಖೆಯ ಸೂಚನೆಯನ್ನೂ ಕೇಳಿಕೊಳ್ಳಿರಿ, ಸಿದ್ದಪ್ಪಾಜಿ ಬೇಸರಪಡುವುದಿಲ್ಲ.) ಮುಂದೆ ಪಂಕ್ತಿಸೇವೆ. ಬೇರೆ ದಿನಗಳಲ್ಲಿ ಬೇರೆ ಬೇರೆ ಬೀದಿಗಳಲ್ಲಿ ಉಣ್ಣುವವರು ಅಲ್ಲಿ ಒಂದು ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಈಚಿನ ವರ್ಷಗಳಲ್ಲಿ ಅಲ್ಲಿನ ಮಾಂಸದಡಿಗೆಯ ವಿಷಯದಲ್ಲಿ ವಾದವಿವಾದಗಳು ನಡೆದಿವೆ. ಅದು ಏನೇ ಇರಲಿ, ಒಂದೇ ಪಂಕ್ತಿ ಎಂಬ ಮಾತನ್ನು ಸರ್ಕಾರದ ಕಾನೂನಿಗೆ ಮೊದಲೇ ಆ ಹಾಡು ನಮ್ಮ ಊರುಗಳಲ್ಲಿ ಹೇಳಿತ್ತೆಂಬುದನ್ನು ಮರೆಯಬಾರದು.

ಯಳಂದೂರಿನ ಕಲ್ಲು ಮತ್ತು ಓಲೆ

ಯಳಂದೂರಿನ ಗೌರೀಶ್ವರ ದೇವಾಲಯವನ್ನು ಸುಮಾರು 1550ರಲ್ಲಿ ಹದಿನಾಡಿನ ಪಾಳೆಯಗಾರ ಸಿಂಗದೇಪ ಕಟ್ಟಿಸಿದ. ಅದರ ಮುಂದಿನ ಮಹಾದ್ವಾರ ಸುಮಾರು ನೂರು ವರ್ಷಗಳ ತರುವಾಯ ಅದೇ ಮನೆತನದ ಮುದ್ದರಾಜನದು. ಮೂಲೆಗಳಲ್ಲಿ ಬಳೆಗಳಂತೆ ಒಂದರೊಳಗೊಂದು ಕೋದ ಕಲ್ಲಿನ ಸರಪಳಿಗಳಿರುವುದರಿಂದ ಅದಕ್ಕೆ ಬಳೆಮಂಟಪ ಎಂಬ ಹೆಸರು ಬಂತು. ಕಲ್ಲಿನ ಬಳೆಗಳನ್ನು ಒಂದೊಂದಾಗಿ ಕಡೆದು ಆಮೇಲೆ ಪೋಣಿಸುವಂತಿಲ್ಲ. ಒಂದೇ ಬಂಡೆಯಿಂದ, ಬಳೆ ಬಳೆಗೂ ನಡುವೆ ಕಲ್ಲನ್ನು ಬಿಡಿಸುತ್ತಾ ಬರಬೇಕು. ಕೊನೆಯ ಬಳೆಯಲ್ಲಿ ಉಳಿ ಜಾರಿದರೆ ಹಿಂದಿನ ತಿಂಗಳುಗಳ ಕೆಲಸವೆಲ್ಲ ಮಣ್ಣು. ಗೋಡೆಯ ಮೇಲೆ ಪುರಾಣದ ಕಥೆಗಳು ಸಾಲಾಗಿವೆ. ಓದು ಬಾರದವರಿಗೆ ಅದೇ ಪುಸ್ತಕವಾಗಿತ್ತು. ಎಷ್ಟೋ ಜನ ಸಂತೆಗೆ ಹೋಗುವಾಗ ಅದರ ಮುಂದೆಯೇ ನಡೆದುಹೋಗುತ್ತಾರೆ, ತಲೆಯೆತ್ತಿ ನೋಡುವುದಿಲ್ಲ. ಮುಂದಿನ ಸಲ ಮಕ್ಕಳ ಕೈಹಿಡಿದು ಐದು ನಿಮಿಷ ನಿಲ್ಲಿರಿ. ಸರಪಳಿಯನ್ನು ಮಾತ್ರ ಯಾರೂ ಎಳೆದು ನೋಡಬಾರದು.

ಇದೇ ಊರಿನ ನೆಲದಲ್ಲಿ 17ನೇ ಶತಮಾನದಲ್ಲಿ ಕವಿ ಷಡಕ್ಷರದೇವ ಬದುಕಿದ್ದ. ಅವನ ರಾಜಶೇಖರ ವಿಳಾಸದಲ್ಲಿ ಕುದುರೆಯ ಕಾಲಿಗೆ ಸಿಕ್ಕಿ ಮಗುವನ್ನು ಕಳೆದುಕೊಂಡ ತಿರುಕೊಳವಿನಾಚಿ ಎಂಬ ಬಡತಾಯಿ ಅರಸನ ಮುಂದೆ ನಿಂತು ನ್ಯಾಯ ಕೇಳುತ್ತಾಳೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಯಳಂದೂರಿನ ಮಗಳು. ಅವಳ ಜತೆ ಅರಮನೆಗೆ ಹೋಗಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ "ಹದಿಬದೆಯ ಧರ್ಮ" ಎಂಬ ಸಾಂಗತ್ಯ ಕಾವ್ಯವನ್ನು ಬರೆದಳು. ಹೆಣ್ಣು ಮಗು ಗಂಡಿಗಿಂತ ಕೀಳೆಂದು ಕಾಣುವವರನ್ನು ಅವಳು ಅದರಲ್ಲಿ ನೇರವಾಗಿಯೇ ಪ್ರಶ್ನಿಸಿದ್ದಾಳೆ. ಸಂಚಿ ಹಿಡಿಯುವವಳ ಮಾತನ್ನು ಮುನ್ನೂರು ವರ್ಷದ ಮೇಲೆ ನಾವು ಓದುತ್ತಿರುವುದು ಹೇಗೆ? ಯಾರೋ ಓಲೆಯ ಮೇಲೆ ನಕಲು ಮಾಡಿದರು, ಯಾರೋ ಆ ಕಟ್ಟನ್ನು ಒಲೆಗೆ ಹಾಕದೆ ಇಟ್ಟುಕೊಂಡರು. ಅಷ್ಟೆ.

ಓಲೆಕಟ್ಟಿನ ಬೆಲೆ ಏನೆಂಬುದಕ್ಕೆ ಇನ್ನೊಂದು ಉದಾಹರಣೆ ಹೇಳಬಹುದು. ಮೈಸೂರಿನ ಓರಿಯಂಟಲ್ ಗ್ರಂಥಾಲಯ 1891ರಲ್ಲಿ ಆರಂಭವಾಯಿತು. ಈಗ ಅದು ಪ್ರಾಚ್ಯ ವಿದ್ಯಾ ಸಂಶೋಧನಾಲಯ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಅಲ್ಲಿಗೆ ಕೊಟ್ಟ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇತ್ತು. ಹೆಸರು ಮಾತ್ರ ಕೇಳಿದ್ದ, ಇಡೀ ಪಾಠ ಯಾರ ಕೈಗೂ ಸಿಕ್ಕದಿದ್ದ ಗ್ರಂಥ. ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಬೇಸಾಯದ ಅಧಿಕಾರಿಯ ಕರ್ತವ್ಯಗಳಿಗಾಗಿ ಒಂದು ಅಧ್ಯಾಯವೇ ಇದೆ: ಮಳೆಯನ್ನು ಅಳೆಯುವುದು, ಧಾನ್ಯದ ಬೀಜವನ್ನು ರಾತ್ರಿ ಇಬ್ಬನಿಗೂ ಹಗಲು ಬಿಸಿಲಿಗೂ ಒಡ್ಡುವುದು, ಕಬ್ಬಿನಂಥ ತುಂಡುಗಳ ಕತ್ತರಿಸಿದ ತುದಿಗೆ ಜೇನು, ತುಪ್ಪ, ಕೊಬ್ಬು, ಸಗಣಿಗಳ ಲೇಪ ಹಚ್ಚುವುದು. ಬೀಜೋಪಚಾರ ಇಲಾಖೆಯವರು ತಂದ ಹೊಸ ಮಾತೆಂದು ತಿಳಿದವರು ಇದನ್ನು ಗಮನಿಸಬೇಕು.

ವಸ್ತುಸಂಗ್ರಹಾಲಯ ಏನು ಮಾಡಬಲ್ಲದು, ಏನು ಮಾಡಲಾರದು

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲಿತ್ತು. ಅದರ ಮೇಲೆ ನಾಯಿಯೊಂದು ಹಂದಿಯ ಮೇಲೆ ಬಿದ್ದು ಹೋರಾಡುವ ಚಿತ್ರ. ಕ್ರಿ.ಶ. 949-50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ, ರಾಷ್ಟ್ರಕೂಟ ಅರಸ ಮೂರನೆಯ ಕೃಷ್ಣನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಒಂದು ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಬಾರದೆಂದು ಬರೆಸಿದರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. 1865ರಲ್ಲಿ ಆರಂಭವಾದ, ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಅದೂ ಒಂದು. ಹಂದಿಯ ಕಾಟ ಏನೆಂಬುದು ಗೊತ್ತಿರುವ ಹನೂರು ಕಡೆಯ ರೈತ ಅದರ ಮುಂದೆ ನಿಂತರೆ, ಪಟ್ಟಣದವನಿಗೆ ಕಾಣದ್ದು ಅವನಿಗೆ ಕಂಡೀತು. ಕಲ್ಲು ಊರಿನಲ್ಲಿಯೇ ಇದ್ದಿದ್ದರೆ ಬಟ್ಟೆ ಒಗೆಯುವ ಕಲ್ಲಾಗಿ ಸವೆದಿರುತ್ತಿತ್ತೇನೋ. ಆದರೆ ಪೂಜೆ ನಿಂತಿತು ಎಂಬುದೂ ನಿಜ. ವಸ್ತುಸಂಗ್ರಹಾಲಯದಿಂದ ಆಗುವ ಲಾಭವೂ ನಷ್ಟವೂ ಈ ಒಂದು ಕಲ್ಲಿನಲ್ಲಿದೆ.

ರಾಜರ ಕತ್ತಿ, ದೇವರ ವಿಗ್ರಹಗಳನ್ನು ಇಡುವುದೇ ವಸ್ತುಸಂಗ್ರಹಾಲಯವೆಂಬ ಭಾವನೆ ಬಹುಕಾಲ ಇತ್ತು. ಸ್ವೀಡನ್ ದೇಶದಲ್ಲಿ ಕಾರ್ಖಾನೆಗಳು ಬಂದು ಹಳ್ಳಿಯ ಬಾಳು ಮಾಯವಾಗುತ್ತಿದ್ದಾಗ ಆರ್ಟುರ್ ಹಾಜೇಲಿಯಸ್ ಎಂಬಾತ ರೈತರ ಮನೆಗಳನ್ನೇ ಬಿಚ್ಚಿ ತಂದು 1891ರಲ್ಲಿ ಸ್ಟಾಕ್‌ಹೋಮಿನ ಬಯಲಿನಲ್ಲಿ ಮತ್ತೆ ನಿಲ್ಲಿಸಿದ. ಸ್ಕಾನ್ಸೆನ್ ಎಂದು ಅದರ ಹೆಸರು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ತೆರೆಯಿತು. ಜೀ. ಶಂ. ಪರಮಶಿವಯ್ಯನವರು, ಚಿತ್ರಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿಹಳ್ಳಿ ಅಲೆದು ಮುಖವಾಡ, ಗೊಂಬೆ, ವಾದ್ಯ, ಮಡಕೆ, ಬೇಸಾಯದ ಉಪಕರಣಗಳನ್ನು ಕೂಡಿಹಾಕಿದರು. 6,500ಕ್ಕೂ ಹೆಚ್ಚು ವಸ್ತುಗಳ ಸಂಗ್ರಹ ಅದು. ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆಗೆ ಹೀಗೆ ರೈತನ ನೇಗಿಲು ಒಳಹೊಕ್ಕಿತು. (ಹಳೆಯ ಕಟ್ಟಡವಾದ್ದರಿಂದ ದುರಸ್ತಿಯ ಕೆಲಸ ನಡೆಯುತ್ತಿರುತ್ತದೆ, ಶಾಲಾಮಕ್ಕಳ ಪ್ರವಾಸ ಏರ್ಪಡಿಸುವವರು ಮೊದಲೇ ವಿಚಾರಿಸಿಕೊಂಡು ಹೋಗಬೇಕು.) ಬೆಂಗಳೂರು-ಮೈಸೂರು ರಸ್ತೆಯಲ್ಲಿ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಲ್ಲಿ ಆರಂಭವಾಯಿತು. ಅಲ್ಲಿನ ದೊಡ್ಡಮನೆ, ಆಯಗಾರಮಾಳಗಳನ್ನು ನೋಡಿದ ರೈತರು "ಇದೆಲ್ಲ ನಮ್ಮ ಅಟ್ಟದಲ್ಲೇ ಇತ್ತಲ್ಲ, ಗುಜರಿಗೆ ಹಾಕಿಬಿಟ್ಟೆವಲ್ಲ" ಎನ್ನುವುದು ಸಾಮಾನ್ಯ.

ಯಳಂದೂರಿನಲ್ಲಿಯೂ ಇಂಥ ಅವಕಾಶವಿದೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ಬಂದಿತು. ಅಲ್ಲಿನ ಜಹಗೀರ್ದಾರ್ ಬಂಗಲೆಯನ್ನು ಸರಿಪಡಿಸಿ ವಸ್ತುಸಂಗ್ರಹಾಲಯ ಮಾಡುವ ಪ್ರಯತ್ನ ನಡೆದಿದೆ. ನಮ್ಮ ಅಭಿಪ್ರಾಯ ಇಷ್ಟು: ದಿವಾನರ ಚಿತ್ರವೂ ಕಾಗದಪತ್ರಗಳೂ ಇರಲಿ, ಜತೆಗೆ ರೈತನ ಕೊಳಗವೂ ಇರಲಿ. ಜಹಗೀರಿನ ಕಥೆಯಲ್ಲಿ ಧಾನ್ಯ ಪಡೆದವರ ಜತೆಗೆ ಅಳೆದು ಕೊಟ್ಟವರೂ ಇರಬೇಕು.

ಈಗ ಕಂಸಾಳೆಯ ಮಾತಿಗೆ ಮತ್ತೆ ಬರೋಣ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ನೋಡಿದವರಿಗೆ ಕಂಚಿನ ಎರಡು ತಟ್ಟೆ ಕಾಣುತ್ತದೆ, ನಾದ ಕೇಳುವುದಿಲ್ಲ. ಹಾಡನ್ನು ಉಳಿಸುವುದಕ್ಕೆ ಬೇರೆ ರೀತಿಯ ಶ್ರಮ ಬೇಕು. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ "ಮಲೆಯ ಮಾದೇಶ್ವರ" ಕಾವ್ಯ 1973ರಲ್ಲಿ ಅಚ್ಚಾಯಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಅದು ಇಂಗ್ಲಿಷಿಗೂ ಅನುವಾದವಾಗಿ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಹೊರಬಂದಿತು. ಅಂದರೆ ಊರೂರು ತಿರುಗಿ ಹಾಡುತ್ತಿದ್ದವರ ಹೆಸರು ದೂರದೇಶದ ಗ್ರಂಥಾಲಯಗಳಲ್ಲಿ ಇದೆ. ಅವರದೇ ಊರಿನ ಶಾಲೆಯ ಬೀರುವಿನಲ್ಲಿ ಆ ಪುಸ್ತಕ ಇದೆಯೇ ಎಂದು ಯಾರಾದರೂ ಹೋಗಿ ನೋಡಬೇಕು.

ಪುಸ್ತಕವಾದರೂ ಹಾಡುವವರು ಇಲ್ಲದಿದ್ದರೆ ಏನಾಯಿತು? ಕಂಸಾಳೆಯವರ, ನೀಲಗಾರರ ಮಕ್ಕಳು ಇಂದು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಾರ್ಖಾನೆಗೋ ಹೋಗುತ್ತಿದ್ದಾರೆ. ಅದನ್ನು ತಪ್ಪೆನ್ನಲಾಗದು, ಹೊಟ್ಟೆಪಾಡು. ಆದರೆ ಅನೇಕರು ಬಿಡುವುದು ಕೂಲಿ ಸಾಲದೆಂಬುದರಿಂದ ಮಾತ್ರವಲ್ಲ, ಅವಮಾನದಿಂದಲೂ. ನೀಲಗಾರರಲ್ಲಿ ಬಹುಮಂದಿ ದಲಿತರು. ರಾತ್ರಿಯೆಲ್ಲ ಅವರ ಬಾಯಿಂದ ದೇವರ ಕಥೆ ಕೇಳಿ, ಬೆಳಗ್ಗೆ ಮೊರದಲ್ಲಿ ರಾಗಿ ತಂದು ದೂರದಿಂದಲೇ ಸುರಿದು ಕಳಿಸಿದ ಮನೆಗಳು ನಮ್ಮ ಊರುಗಳಲ್ಲಿ ಇದ್ದವು. ಒಂದೇ ಪಂಕ್ತಿಯ ಹಾಡನ್ನು ಕೇಳಿಯೂ ಪಂಕ್ತಿಗೆ ಕರೆಯಲಿಲ್ಲ. ಕಲೆ ನಮ್ಮನ್ನು ತಿದ್ದುತ್ತದೆಂದು ಹೇಳುವಾಗ ಎಷ್ಟು ತಿದ್ದಿತು, ಎಷ್ಟು ತಿದ್ದಲಿಲ್ಲ ಎಂಬುದನ್ನೂ ಹೇಳುವುದು ಪ್ರಾಮಾಣಿಕತೆ.

ಬೆಟ್ಟದ ಪಾದುಕೆ, ಕಾಡಿನ ನಕ್ಷೆ

ಮ್ಯೂಸಿಯಂ ಬೇಡದೆ ಉಳಿದಿರುವ ವಸ್ತುವೂ ಉಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ವಾಮಿಗೆ ತೊಗಲಿನ ದೊಡ್ಡ ಪಾದುಕೆಗಳನ್ನು ಬೂದಿಪಡಗದ ಚಮ್ಮಾರರ ಮನೆತನದವರು ಮಾಡಿ ಒಪ್ಪಿಸುವ ಪದ್ಧತಿ ಇದೆ. ರಂಗಪ್ಪ ರಾತ್ರಿ ಕಾಡೆಲ್ಲ ತಿರುಗುವುದರಿಂದ ಅವು ಸವೆಯುತ್ತವಂತೆ; ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಹೊಸ ಜೋಡಿ ಬೇಕು. ಹೊಸದು ಬೇಕಾಗುವುದರಿಂದಲೇ ತೊಗಲು ಹದ ಮಾಡುವುದು, ಹೊಲಿಯುವುದು ಕೈಯಿಂದ ಕೈಗೆ ಉಳಿದುಬಂದಿದೆ. ಸೋಲಿಗರಿಗಂತೂ ಅವನು ತಮ್ಮ ಹುಡುಗಿ ಕುಸುಮಾಲೆಯನ್ನು ಕೈಹಿಡಿದ "ರಂಗಭಾವ". ಭಾವನೆಂದು ಸಲುಗೆಯಿಂದ ಕರೆಯುವ ದೇವರು ಎಷ್ಟು ಜನರಿಗಿದ್ದಾನೆ?

ಸೋಲಿಗರಿಂದ ನಾವು ಕಲಿಯಬೇಕಾದ ಮತ್ತೊಂದು ಪಾಠವಿದೆ. ಅವರ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿಗಳ ಪವಿತ್ರ ಸ್ಥಳಗಳು ಕಾಡಿನ ತುಂಬ ಇವೆ. ಯಾವ ಕುಲದ್ದು ಯಾವ ಜಾಗವೆಂಬುದು ಹಿರಿಯರ ಬಾಯಲ್ಲಿತ್ತೇ ಹೊರತು ಕಾಗದದ ಮೇಲೆ ಇರಲಿಲ್ಲ. ಬೆಂಗಳೂರಿನ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯವರೂ ಸೋಲಿಗರೂ ಕೂಡಿ ಕಾಡು ಸುತ್ತಿ ನೂರಾರು ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿದರು. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ದೊರೆಯಿತು. ತಾವು ಇಲ್ಲಿಯವರೆಂದು ಹೇಳುವಾಗ ಆ ನಕ್ಷೆ ಅವರ ನೆರವಿಗೆ ಬಂತು. ಹಳೆಯ ನೆನಪನ್ನು ಬರೆದಿಡುವುದು ಕೆಲಸವಿಲ್ಲದವರ ಹವ್ಯಾಸವೆನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಒಡೆಯರಪಾಳ್ಯದ ಟಿಬೆಟಿಯನ್ನರನ್ನೂ ಇಲ್ಲಿ ನೆನೆಯಬಹುದು. 1974ರಲ್ಲಿ ಅಲ್ಲಿ ನೆಲೆಗೊಂಡವರು ನೆಲ, ಮನೆ, ದನಕರು ಎಲ್ಲವನ್ನೂ ಬಿಟ್ಟು ಬಂದವರು. ಬಟ್ಟೆಯ ಮೇಲೆ ಬರೆಯುವ ಚಿತ್ರ, ಮಂತ್ರ, ವಾದ್ಯ, ಕುಣಿತಗಳನ್ನು ಮಾತ್ರ ಬಿಡಲಿಲ್ಲ. ಮುಸುಕಿನ ಜೋಳ ಬೆಳೆಯುತ್ತಾ ಅವರು ಇಲ್ಲಿ ಹೊಸದಾಗಿ ಊರು ಕಟ್ಟಿಕೊಂಡದ್ದು ಅವುಗಳ ಸುತ್ತಲೇ.

ನಿಮ್ಮ ಊರಿನಲ್ಲಿ ಮಾಡತಕ್ಕ ಕೆಲಸ

ಇದಕ್ಕೆ ಸರ್ಕಾರದ ಕಟ್ಟಡ ಬರಲೆಂದು ಕಾಯಬೇಕಾದುದಿಲ್ಲ. ಶಾಲೆಯ ಒಂದು ಕೋಣೆ ಅಥವಾ ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಒಂದು ಮೂಲೆ ಸಾಕು. ಕೂರಿಗೆ, ಎಡೆಕುಂಟೆ, ಕಪಿಲೆಯ ಗಾಲಿ, ಕೊಳಗ, ಸೇರು, ಪಾವು, ಬೀಸುವಕಲ್ಲು, ಒನಕೆ, ವಾಡೆ, ರೇಷ್ಮೆ ಮನೆಯ ಬಿದಿರಿನ ಚಂದ್ರಂಕಿ, ನೂಲು ತೆಗೆಯುವ ಚರಕ ಇವೆಲ್ಲ ಇನ್ನೂ ಅಟ್ಟಗಳಲ್ಲಿವೆ. ಪ್ಲಾಸ್ಟಿಕ್ಕಿನ ಚಂದ್ರಂಕಿ ಬಂದ ಮೇಲೆ ಬಿದಿರಿನದನ್ನು ಹೆಣೆಯುವ ಕೈಗಳು ಕಡಮೆಯಾದವು. ಕೊಳ್ಳೇಗಾಲದ ರೇಷ್ಮೆಯ ಹೆಸರು ಹೇಳುವ ನಾವು ಅದನ್ನಾದರೂ ಒಂದೊಂದು ಇಟ್ಟುಕೊಳ್ಳಬೇಕು.

ವಸ್ತು ಬಂದ ದಿನವೇ ಒಂದು ರಿಜಿಸ್ಟರಿನಲ್ಲಿ ಬರೆಯಿರಿ: ಇದಕ್ಕೆ ನಮ್ಮ ಊರಿನಲ್ಲಿ ಏನೆನ್ನುತ್ತಾರೆ, ಯಾವ ಮನೆಯದು, ಮಾಡಿದವರು ಯಾರು, ಯಾವ ಮರ, ಯಾವ ಕೆಲಸಕ್ಕೆ, ಯಾವಾಗ ಬಳಕೆ ನಿಂತಿತು, ಏಕೆ. ಪುಸ್ತಕದಲ್ಲಿರುವ ಹೆಸರನ್ನು ಹುಡುಕಿ ಹಾಕಬೇಡಿ. ಅಜ್ಜಿ ಏನೆಂದಳೋ ಅದನ್ನೇ ಬರೆಯಿರಿ. ಕಾಲುವೆಯ ಕೆಳಗಿನ ಊರಿನಲ್ಲಿ ಒಂದು ಹೆಸರು, ಕಾಡಂಚಿನ ಊರಿನಲ್ಲಿ ಇನ್ನೊಂದು ಇರಬಹುದು, ಎರಡೂ ಸರಿ. ಕೊಟ್ಟ ಮನೆಯವರಿಗೆ ರಸೀದಿ ಕೊಡಬೇಕು, ವಸ್ತು ಕೊಡುಗೆಯೋ ಎರವಲೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಮುಂದೆ ಜಗಳಕ್ಕೆ ಅದೇ ಮೂಲವಾಗುತ್ತದೆ. ಹಳೆಯ ಕಂಚನ್ನು ಹುಣಸೆಹಣ್ಣು ಹಾಕಿ ಬೆಳಗಬಾರದು, ಮರಕ್ಕೂ ಕಲ್ಲಿಗೂ ಆಯಿಲ್ ಪೇಂಟ್ ಬಳಿಯಬಾರದು. ಓಲೆಕಟ್ಟು ಸಿಕ್ಕರೆ ಬಿಚ್ಚದೆ ಒಣಜಾಗದಲ್ಲಿಟ್ಟು ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯಕ್ಕೋ ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಗೋ ತಿಳಿಸಿರಿ.

ವೀರಗಲ್ಲು, ಮಾಸ್ತಿಗಲ್ಲು, ಶಾಸನಗಳನ್ನು ನಿಂತ ಜಾಗದಿಂದ ಕದಲಿಸಬಾರದು. ನಮ್ಮ ಕೆಲವು ಶಾಸನಗಳು ತಡವಾಗಿ ಬೆಳಕು ಕಂಡದ್ದಕ್ಕೆ ಒಂದು ಕಾರಣವೂ ಇದೆ. ರೈಸ್ ಸಾಹೇಬರ 1898ರ ಸಂಪುಟದಲ್ಲಿ ಯಳಂದೂರಿನ ಶಾಸನಗಳು ಸೇರಿದವು. ಕೊಳ್ಳೇಗಾಲ ಆಗ ಮದ್ರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ಹೊರಗುಳಿಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಅದಕ್ಕೂ ಸ್ಥಳ ದೊರೆಯಿತು. ಆದರೂ ಹೊಲದ ಬದುವಿನಲ್ಲಿ ಯಾರೂ ಓದದ ಕಲ್ಲು ಇನ್ನೂ ಇರಬಹುದು. ಉಳುವಾಗ ನಾಣ್ಯ, ವಿಗ್ರಹ, ತಾಮ್ರಪಟಗಳು ಸಿಕ್ಕರೆ 1962ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ತಹಸೀಲ್ದಾರರಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಕರಗಿಸುವುದು, ಮುಚ್ಚಿಡುವುದು ಅಪರಾಧ. ಬೈಕಿನಲ್ಲಿ ಊರಿಗೆ ಬಂದು "ಹಳೆಯ ದೀಪ, ಹಳೆಯ ವಿಗ್ರಹ ಇದ್ದರೆ ಕೊಡಿ" ಎಂದು ಕೇಳುವವರಿಗೆ 1972ರ ಪುರಾತನ ವಸ್ತುಗಳ ಕಾಯಿದೆಯ ಹೆಸರು ಹೇಳಿ ನೋಡಿ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಹಾಡುಗಳ ವಿಷಯದಲ್ಲಿ ಯುವಕ ಸಂಘದವರೂ ಸ್ತ್ರೀಶಕ್ತಿ ಗುಂಪಿನವರೂ ಮುಂದೆ ಬರಬೇಕು. ಮೊಬೈಲು ಎಲ್ಲರ ಕೈಯಲ್ಲಿದೆ. ಸೋಬಾನೆ ಹೇಳುವ ಅಜ್ಜಿ, ರೊಟ್ಟಿ ಹಬ್ಬದಲ್ಲಿ ಗೊರುಕನ ಹಾಡುವ ಸೋಲಿಗ ಅಜ್ಜ, ಊರಿಗೆ ಬರುವ ದೇವರಗುಡ್ಡರು, ನೀಲಗಾರರು ಇವರನ್ನು ಮೊದಲು ಒಪ್ಪಿಗೆ ಕೇಳಿ, ಬಿಡುವಿನ ದಿನ ಕೂರಿಸಿ, ನಿಧಾನವಾಗಿ ದಾಖಲು ಮಾಡಿರಿ. ಹಾಡು ಮುಗಿದ ಮೇಲೆ ಅದನ್ನು ಯಾರಿಂದ ಕಲಿತರೆಂದು ಕೇಳಿ ಅದನ್ನೂ ಸೇರಿಸಿರಿ. ಹಾಡಿದವರಿಗೆ ದಿನದ ಕೂಲಿಗಿಂತ ಕಡಮೆಯಿಲ್ಲದ ಸಂಭಾವನೆ ಸಲ್ಲಬೇಕು, ದಾಖಲೆಯ ಒಂದು ಪ್ರತಿ ಅವರ ಮನೆಗೇ ಹೋಗಬೇಕು, ಊಟ ಎಲ್ಲರ ಜತೆಯಲ್ಲೇ ಆಗಬೇಕು. ವಯಸ್ಸಾದ ಬಡ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ದೊರೆಯುವ ಯೋಜನೆ ಇದೆ. ನಿಮ್ಮ ಊರಿನಲ್ಲಿ ಅಂಥವರಿದ್ದರೆ ಅರ್ಜಿಯ ನಿಯಮಗಳನ್ನು ಚಾಮರಾಜನಗರದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಬರೆಯಲು ಬಾರದವರಿಗೆ ಬರೆದುಕೊಡಿರಿ.